ಹತ್ತರಲ್ಲಿ ಮೂರು

ಆಷಾಢದಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಆ ಕಲ್ಯಾಣ ಮಂಟಪ ನಮಗೆ ಬಾಡಿಗೆಯಿಲ್ಲದೆ ಸಿಕ್ಕಿತು. ಸಾಗರದಿಂದ ಶರಾವತಿ ಹಿನ್ನೀರಿನ ಕಡೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟಗಳ ನಡುವಿನ ಒಂದು ಊರು. ಸರ್ಕಾರ ಸಾರಾಯಿ ನಿಲ್ಲಿಸಿದ್ದು 2007ರಲ್ಲಿ; ಕುಡಿತ ಬಿಡಿಸುವ ನಮ್ಮ ಶಿಬಿರ ನಡೆದದ್ದು ಅದರ ಮರುವರ್ಷವೋ, ಇನ್ನೂ ಒಂದು ವರ್ಷ ಬಿಟ್ಟೋ, ಸರಿಯಾಗಿ ನೆನಪಾಗುವುದಿಲ್ಲ. ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ ಕ್ವಾರ್ಟರ್ ಬಾಟಲಿ ಬಂದಿತ್ತು, ಕುಡಿತ ಹಾಗೇ ಉಳಿದು ಖರ್ಚು ಮಾತ್ರ ಏರಿತ್ತು, ಕಾಡಂಚಿನಲ್ಲಿ ಕಳ್ಳಬಟ್ಟಿಯೂ ನಡೆದಿತ್ತು. ಇಷ್ಟು ಚೆನ್ನಾಗಿ ನೆನಪಿದೆ. ಮಳೆಯಂತೂ ಕಿವಿಯಲ್ಲಿ ಈಗಲೂ ಇದೆ. ಪುನರ್ವಸು ಮಳೆ ಹಿಡಿದುಕೊಂಡಿತ್ತು. ಮಂಟಪದ ಶೀಟಿನ ಮೇಲೆ ಅದು ಹೊಡೆಯುವ ಸದ್ದಿಗೆ ಎದುರು ಕೂತವರ ಮಾತು ಕೇಳಿಸುತ್ತಿರಲಿಲ್ಲ. ಬೆಂಚನ್ನು ಎಳೆದು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಬೇಕು. ಆ ಕೆಲಸಕ್ಕೆ ಅದೇ ಒಳ್ಳೆಯದಾಯಿತು ಎಂದು ಆಮೇಲೆ ಅನ್ನಿಸಿತು.

ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿಂದಾಗಿ ‘ಶಿಬಿರ’ ಎಂದರೆ ಏನೆಂದು ಆ ಕಡೆಯ ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮದು ಅದಲ್ಲ, ಜಿಲ್ಲೆಯಿಂದ ಬಂದ ಒಬ್ಬ ಮನೋವೈದ್ಯರು ಊರಿನ ಕೆಲವರನ್ನು ಸೇರಿಸಿಕೊಂಡು ನಡೆಸಿದ ಎಂಟು ದಿನದ ಸಣ್ಣ ಶಿಬಿರ. ಡಾಕ್ಟರು, ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬರು ಸಿಸ್ಟರು, ಎಂ.ಎಸ್.ಡಬ್ಲ್ಯೂ. ಮುಗಿಸಿ ಬಂದ ನಾನು, ಅಡಿಗೆಗೆ ಭಟ್ಟರು. ವರನ ಕಡೆಯವರಿಗೆಂದು ಕಟ್ಟಿದ ಕೋಣೆಯಲ್ಲಿ ಕಬ್ಬಿಣದ ಮಂಚ ಹಾಕಿದ್ದೆವು. ಭಟ್ಟರು ಮದುವೆ ಮನೆಯ ಅಡಿಗೆಯವರು. ಊಟಕ್ಕೆ ಎಬ್ಬಿಸುವಾಗ ‘ಎಲೆ ಹಾಕಿದೆ, ಏಳಬೇಕು’ ಎಂದು ಬೀಗರನ್ನು ಕರೆಯುವ ದನಿಯಲ್ಲೇ ಕರೆಯುತ್ತಿದ್ದರು. ಮನೆಯಲ್ಲಿ ಅಂಥ ಕರೆ ಕೇಳಿ ಎಷ್ಟೋ ವರ್ಷವಾಗಿದ್ದ ಗಂಡಸರು ಪಂಚೆ ಸರಿಮಾಡಿಕೊಂಡು ಎದ್ದು ಬರುತ್ತಿದ್ದರು. ಮೊದಲೆರಡು ದಿನ ಗಂಜಿ, ಒಂದೆಲಗದ ತಂಬುಳಿ, ಸುಟ್ಟ ಹಲಸಿನ ಹಪ್ಪಳ, ಅಷ್ಟೆ. ಕುಡಿತ ನಿಂತ ಹೊಟ್ಟೆಗೆ ಅದಕ್ಕಿಂತ ಹೆಚ್ಚಿನದು ನಿಲ್ಲುವುದಿಲ್ಲ. ನಾಲ್ಕನೆಯ ದಿನಕ್ಕೆ ಕೆಸುವಿನ ಕರಕಲಿ ಮಾಡುತ್ತೇನೆಂದು ಭಟ್ಟರು ಮೊದಲೇ ಹೇಳಿಟ್ಟಿದ್ದರು. ಕರಕಲಿಯ ಹುಳಿ ಖಾರ ನಾಲಿಗೆಗೆ ರುಚಿಸಿತು ಅಂದರೆ ಮನುಷ್ಯ ಅರ್ಧ ಗೆದ್ದ ಎನ್ನುವುದು ಅವರ ನಂಬಿಕೆ. ಡಾಕ್ಟರು ಅದನ್ನು ಅಲ್ಲಗಳೆಯಲಿಲ್ಲ.

ನನ್ನ ಕೆಲಸ ಫಾರಂ ತುಂಬುವುದು. ಮನುಷ್ಯ ಬದಲಾಗಲು ಎಷ್ಟು ತಯಾರಿದ್ದಾನೆ ಎಂದು ಅಳೆಯಲು ಅಮೆರಿಕದಲ್ಲಿ ಪ್ರಶ್ನಾವಳಿಗಳನ್ನು ಮಾಡಿದ್ದಾರೆ. ರೋಡ್ ಐಲೆಂಡ್ ವಿಶ್ವವಿದ್ಯಾಲಯದ್ದು ‘ಯೂರಿಕಾ’ ಎಂಬುದು, 32 ಹೇಳಿಕೆಗಳಿರುವಂಥದು; ಒಂದೊಂದನ್ನೂ ಓದಿ ಹೇಳಿ, ಒಪ್ಪುತ್ತೀರೋ ಇಲ್ಲವೋ, ಒಪ್ಪಿದರೆ ಎಷ್ಟು ಎಂದು ಕೇಳಬೇಕು. ಅದರ ಹಿಂದಿನ ವಿಚಾರ ಪ್ರೊಚಾಸ್ಕ ಮತ್ತು ಡಿಕ್ಲಿಮೆಂಟೆ ಅವರದು. ಯಾರ ಸಹಾಯವೂ ಇಲ್ಲದೆ ತಾವಾಗಿ ಸಿಗರೇಟು ಬಿಡಲು ಹೊರಟಿದ್ದ 872 ಜನರನ್ನು ಗಮನಿಸಿ 1983ರಲ್ಲಿ ಬರೆದರು. ಬಿಡುವುದು ಒಂದು ದಿನದ ಕೆಲಸವಲ್ಲ, ಮನಸ್ಸು ಹಂತ ಹಂತವಾಗಿ ಅಲ್ಲಿಗೆ ಬರುತ್ತದೆ ಎಂದರು. ಬಿಡುವ ಯೋಚನೆಯೇ ಇಲ್ಲದ ಹಂತ, ಬಿಡಲೋ ಬೇಡವೋ ಎಂಬ ಹೊಯ್ದಾಟದ ಹಂತ, ಆಮೇಲೆ ಸಿದ್ಧತೆ, ಬಿಡುವುದು, ಬಿಟ್ಟದ್ದನ್ನು ಉಳಿಸಿಕೊಳ್ಳುವುದು. ನಡುವೆ ಜಾರಿ ಮತ್ತೆ ಹಿಂದಕ್ಕೆ ಬರುವವರೇ ಹೆಚ್ಚು, ಅದೂ ದಾರಿಯಲ್ಲೇ ಸೇರಿದ್ದು ಎಂದು ಅವರೇ ಹೇಳಿದ್ದಾರೆ.

ನನಗೆ ಆ ಹಂತಗಳು ಬಾಯಿಪಾಠವಾಗಿದ್ದವು. ಆದರೆ ಮಂಟಪದಲ್ಲಿ ಫಾರಂ ಹಿಡಿದು ಕೂತರೆ ಎಲ್ಲರೂ ಎಲ್ಲದಕ್ಕೂ ‘ಹೌದು ಸಾರ್’ ಎನ್ನುತ್ತಿದ್ದರು. ಬಿಡಬೇಕು ಅನ್ನಿಸುತ್ತದಾ? ಹೌದು ಸಾರ್. ಕುಡಿತದಿಂದ ತೊಂದರೆ ಇಲ್ಲ ಅನ್ನಿಸುತ್ತದಾ? ಅದೂ ಹೌದು ಸಾರ್. ನಮ್ಮ ಕಡೆ ಎದುರಿಗೆ ಪೆನ್ನು ಹಿಡಿದು ಕೂತವರಿಗೆ ಇಲ್ಲ ಅನ್ನುವುದು ಮರ್ಯಾದೆಯಲ್ಲ. ‘ಬಿಡ್ತೀನಿ’ ಎಂಬ ಮಾತಿನಲ್ಲಿ ಬಿಡುವ ಮನಸ್ಸು ಎಷ್ಟಿದೆ, ಎದುರು ಕೂತವರ ಮೇಲಿನ ಗೌರವ ಎಷ್ಟಿದೆ ಎಂದು ಬೇರೆ ಮಾಡುವುದು ಹೇಗೆ? ಫಾರಮ್ಮಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಸಿಸ್ಟರಿಗೆ ಗೊತ್ತಿತ್ತು.

ಅದು ನನಗೆ ತಿಳಿದದ್ದು ಒಬ್ಬನಿಂದ. ಅವನ ಹೆಸರು ಬೇಡ. ಕೊನೆಗಾರ. ಅಡಿಕೆ ಕೊನೆ ತೆಗೆಯುವುದರಲ್ಲಿ ಆ ಸೀಮೆಗೇ ಹೆಸರಾದವನು. ಕಾಲಿಗೆ ತಳೆ ಹಾಕಿಕೊಂಡು ಒಂದು ಮರ ಹತ್ತಿದರೆ, ತುದಿಯಲ್ಲೇ ಜೋಲಿ ಹೊಡೆದು ಪಕ್ಕದ ಮರ ಹಿಡಿದು, ಅಲ್ಲಿಂದ ಇನ್ನೊಂದಕ್ಕೆ ದಾಟಿ, ನೆಲಕ್ಕೆ ಇಳಿಯದೆ ಎಷ್ಟೋ ಮರ ಮುಗಿಸುತ್ತಿದ್ದನಂತೆ. ಅವನನ್ನು ಕರೆತಂದವರು ತೋಟದ ಹೆಗಡೆಯವರು. ಜೊತೆಗೆ ಅವನ ಹೆಂಡತಿ, ಕೊಪ್ಪೆ ಹಾಕಿಕೊಂಡು, ಬಾಗಿಲಲ್ಲೇ ನಿಂತಿದ್ದಳು. ಅವನು ಒಳಗೆ ಬಂದು ಕೂತವನೇ, ಯಾರೂ ಕೇಳುವ ಮೊದಲೇ ಹೇಳಿದ: ‘ನಾನು ಬಿಡ್ಲಿಕ್ಕೆ ಬಂದವ ಅಲ್ಲ. ಹೆಗಡೇರು ಬಾ ಅಂದ್ರು, ಬಂದೆ.’

ನಾನು ಕೆಲಸ ಕಲಿತ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಂಥವರ ಕೇಸ್ ಪೇಪರಿನ ಮೇಲೆ ‘ಮೋಟಿವೇಶನ್ ಇಲ್ಲ’ ಎಂದು ಬರೆಯುವ ಪದ್ಧತಿ ಇತ್ತು. ಮನಸ್ಸು ಬಂದಾಗ ಬನ್ನಿ ಎಂದು ಕಳಿಸುತ್ತಿದ್ದರು. ಎಷ್ಟು ಜನ ಹಾಗೆ ಹೋದರೋ! ಬಸ್ ಚಾರ್ಜಿಗೆ ಸಾಲ ಮಾಡಿ ಗಂಡನನ್ನೋ ಮಗನನ್ನೋ ಕರೆತಂದ ಹೆಂಗಸರು ಆ ಚೀಟಿ ಹಿಡಿದು ಮೆಟ್ಟಿಲಿಳಿಯುವುದನ್ನು ನೋಡಿದ್ದೇನೆ. ಅಳೆಯುವುದು ಬಾಗಿಲು ಹಾಕುವುದಕ್ಕಲ್ಲ. ಈ ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಮನಸ್ಸಿಲ್ಲ ಎಂದು ಬಾಯಿಬಿಟ್ಟು ಹೇಳುವವನು ನಿಜ ಹೇಳುತ್ತಿದ್ದಾನೆ. ನಿಜ ಹೇಳುವವನ ಹತ್ತಿರ ಕೆಲಸ ಶುರು ಮಾಡಬಹುದು.

ಸಿಸ್ಟರು ನನ್ನ ಫಾರಮ್ಮನ್ನು ಪಕ್ಕಕ್ಕಿಟ್ಟು, ಮಂಟಪದ ಹಿಂದಿನ ತೋಟದಲ್ಲಿ ಉದುರಿ ಬಿದ್ದಿದ್ದ ಹಸಿರಡಿಕೆ ಆರಿಸಿ ತರಲು ಭಟ್ಟರ ಮಗನಿಗೆ ಹೇಳಿದರು. ಹತ್ತನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟರು.

‘ತಮ್ಮಾ, ಇವು ಹತ್ತು ಇದಾವೆ. ಕುಡಿಯೋದು ನಿಲ್ಲಿಸೋದು ನಿಂಗೆ ಎಷ್ಟು ಮುಖ್ಯ ಅನ್ನಿಸ್ತದೋ ಅಷ್ಟು ಈ ಕಡೆ ತಳ್ಳು. ಮುಖ್ಯ ಅಲ್ಲ ಅಂದ್ರೆ ಒಂದನ್ನೂ ಮುಟ್ಟಬೇಡ. ನನ್ನ ಮರ್ಯಾದೆಗೆ ಅಂತ ತಳ್ಳೋದು ಬೇಡ.’

ಅವನು ಒಂದು ಕಾಯಿ ಎತ್ತಿಕೊಂಡು ತೊಟ್ಟು ತಿರುಗಿಸಿ ನೋಡಿದ. ಕೈ ಸಣ್ಣಗೆ ನಡುಗುತ್ತಿತ್ತು. ‘ಇದಕ್ಕೆ ಕೊಳೆ ಬಂದಿದೆ ಅಮ್ಮಾ. ಈ ತೋಟಕ್ಕೆ ಔಷಧಿ ಸರಿ ಹೊಡೆದಿಲ್ಲ’ ಎಂದ. ಸಿಸ್ಟರು ಹೌದಾ, ಎಲ್ಲಿ ತೋರಿಸು ಎಂದು ಕೇಳಿ ನೋಡಿದರು. ತೊಟ್ಟಿನ ಬುಡದಲ್ಲಿ ಹಸಿರು ಮಾಸಿ ನೀರುಗಟ್ಟಿತ್ತು, ಅದರ ಮೇಲೆ ತೆಳ್ಳಗೆ ಬಿಳಿ ಬೂಸ್ಟು. ಕೊಳೆಯ ಬಗ್ಗೆ ಒಂದಷ್ಟು ಹೊತ್ತು ಮಾತಾಯಿತು. ಆಮೇಲೆ ಅವನು ಮೂರು ಕಾಯಿ ತಳ್ಳಿದ.

ಇಂಥಲ್ಲಿ ಬಹಳ ಜನ ಕೇಳುವುದು ‘ಮೂರೇನಾ?’ ಎಂದು. ಹಾಗೆ ಕೇಳಿದರೆ ಉಳಿದ ಏಳು ಯಾಕಿಲ್ಲ ಎಂಬುದಕ್ಕೆ ಅವನು ಕಾರಣ ಹುಡುಕಬೇಕು: ಮೈಕೈ ನೋವು, ಚಳಿ, ಸಾಲ, ಜೊತೆಗಾರರು. ಹೇಳುತ್ತಾ ಹೇಳುತ್ತಾ ಅವೇ ಗಟ್ಟಿಯಾಗುತ್ತವೆ. ಸಿಸ್ಟರು ತಿರುಗಿಸಿ ಕೇಳಿದರು.

‘ಮೂರು ಇಟ್ಟೆಯಲ್ಲ. ಒಂದೇ ಯಾಕೆ ಇಡ್ಲಿಲ್ಲ?’

ಅವನು ಸುಮಾರು ಹೊತ್ತು ಸುಮ್ಮನಿದ್ದ. ಸಿಸ್ಟರೂ ಸುಮ್ಮನಿದ್ದರು. ಅವರಿಗೆ ಕೂತಲ್ಲೇ ಕಾಲು ಬೆರಳು ಮಡಚಿ ಲಟಿಕೆ ತೆಗೆಯುವ ಅಭ್ಯಾಸ, ಆಗ ಅದನ್ನೂ ಮಾಡಲಿಲ್ಲ.

‘ಬೆಳಿಗ್ಗೆ ಒಂದು ಕ್ವಾರ್ಟರ್ ಹಾಕದಿದ್ರೆ ಕೈ ನಿಲ್ಲಲ್ಲ. ಹಾಕಿದ್ರೆ ಮರದ ತುದೀಲಿ ತಲೆ ನಿಲ್ಲಲ್ಲ’ ಎಂದ. ಮತ್ತೆ ಸ್ವಲ್ಪ ಬಿಟ್ಟು, ‘ಕೆಳಗೆ ಮಿಣಿ ಹಿಡಿಯೋನು ನನ್ನ ಮಗ. ಹೋದ ಕೊಯ್ಲಲ್ಲಿ ಒಂದ್ಸಲ ಪಕ್ಕದ ಮರ ಹಿಡೀಲಿಕ್ಕೆ ಹೋಗಿ ಕೈ ತಪ್ಪಿತು. ತಳೆ ಬಿಗಿ ಇತ್ತು, ಉಳಿದೆ. ಅಲ್ಲಿಂದೀಚೆಗೆ ಅವ ಕೊನೆ ನೋಡಲ್ಲ, ನನ್ನನ್ನೇ ನೋಡ್ತಾ ನಿಂತಿರ್ತಾನೆ.’

‘ನಿನ್ನ ಕೈ ಹೆಂಗಿದೆ ಅಂತ ಮಗನಿಗೂ ಗೊತ್ತಾಗಿದೆ’ ಎಂದರು ಸಿಸ್ಟರು. ಉಪದೇಶ ಇಲ್ಲ, ಬೈಗುಳ ಇಲ್ಲ. ಅವನ ಮಾತನ್ನೇ ಅವನ ಕೈಗೆ ಕೊಟ್ಟರು. ಆಮೇಲೆ ಕಾಯಿಗಳನ್ನೆಲ್ಲ ಮತ್ತೆ ಸಾಲಾಗಿಟ್ಟು, ‘ಸರಿ, ಬಿಡಬೇಕು ಅಂತ್ಲೇ ಹೊರಟೆ ಅಂತಿಟ್ಕೋ. ನನ್ನ ಕೈಲಿ ಆಗ್ತದೆ ಅನ್ನೋ ಧೈರ್ಯ ಎಷ್ಟಿದೆ?’ ಎಂದರು. ಅವನು ತಡ ಮಾಡಲಿಲ್ಲ. ಕೊಳೆ ಬಂದ ಆ ಒಂದು ಕಾಯಿಯನ್ನು ಮಾತ್ರ ತಳ್ಳಿದ.

ಈ ಎರಡು ಪ್ರಶ್ನೆ ಬೇರೆ ಬೇರೆ ಎಂಬುದನ್ನು ಆವತ್ತು ರಾತ್ರಿ ಡಾಕ್ಟರು ಹೇಳಿದರು. ಲಾಟೀನು ಹಚ್ಚಿದ್ದೆವು, ಕರೆಂಟು ಎರಡು ದಿನದಿಂದ ಇರಲಿಲ್ಲ. ಬೇಕು ಅನ್ನಿಸುವುದು ಒಂದು, ಆಗುತ್ತದೆ ಅನ್ನಿಸುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಕಲಸಿ ‘ಮನಸ್ಸಿಲ್ಲ’ ಎಂದುಬಿಡುತ್ತೇವೆ. ಎಷ್ಟೋ ಜನಕ್ಕೆ ಬೇಕಿರುತ್ತದೆ. ಹಿಂದೆ ಬಿಡಲು ಹೋಗಿ ಸೋತು, ಮನೆಯವರ ಮುಂದೆ ಮುಖ ಎತ್ತಲಾಗದೆ, ಈಗ ಬೇಡ ಎಂದು ಹೇಳುವುದೇ ಸುಲಭವಾಗಿರುತ್ತದೆ. ಧೈರ್ಯ ಕಡಿಮೆ ಇದ್ದರೆ ಅದು ನಮ್ಮ ಕೆಲಸ ಎಂದರು ಡಾಕ್ಟರು. ನಡುಕಕ್ಕೆ ಮಾತ್ರೆ ಕೊಡಬಹುದು, ನಿದ್ದೆ ಬರಿಸಬಹುದು, ತೋಟದವರ ಹತ್ತಿರ ಮಾತಾಡಬಹುದು.

ಹಾಗೆ ಮಾತಾಡುತ್ತಾ ಡಾಕ್ಟರು ಮಿಲ್ಲರ್ ಎಂಬವರ ವಿಷಯ ಹೇಳಿದರು. ಕಥೆಯಿಂದ ಸ್ವಲ್ಪ ಆಚೆ ಹೋಗುತ್ತೇನೆ, ಆದರೆ ಮಳೆಯೂರಿನವರಿಗೆ ಇದು ಹಿಡಿಸುತ್ತದೆ. ವಿಲಿಯಂ ಮಿಲ್ಲರ್ ಅಮೆರಿಕದ ಮನಶ್ಶಾಸ್ತ್ರಜ್ಞ. 1982ರಲ್ಲಿ ನಾರ್ವೆಯ ಬೆರ್ಗೆನ್ ಪಟ್ಟಣದ ಹತ್ತಿರ ಒಂದು ಚಿಕಿತ್ಸಾಲಯಕ್ಕೆ ಹೋಗಿದ್ದರು. ಬೆರ್ಗೆನ್ ಕೂಡ ಮಳೆಗೇ ಹೆಸರಾದ ಊರು. ಅಲ್ಲಿ ಯುವ ಮನಶ್ಶಾಸ್ತ್ರಜ್ಞರು ರೋಗಿಗಳ ಪಾತ್ರ ಹಾಕಿ ಕೂತು, ಇವರು ಮಾತಾಡಿಸುವಾಗ ನಡುನಡುವೆ ನಿಲ್ಲಿಸಿ, ಈ ಪ್ರಶ್ನೆಯೇ ಯಾಕೆ ಕೇಳಿದಿರಿ, ಆ ಮಾತನ್ನು ಯಾಕೆ ಬಿಟ್ಟಿರಿ ಎಂದು ಬಿಡದೆ ಕೇಳಿದರಂತೆ. ಉತ್ತರ ಹೇಳುತ್ತಾ ಹೋದಾಗ, ತಾನು ಅಭ್ಯಾಸಬಲದಿಂದ ಮಾಡುತ್ತಿದ್ದದ್ದು ಏನೆಂದು ಮಿಲ್ಲರರಿಗೇ ತಿಳಿಯಿತು: ಬಿಡಬೇಕು ಎಂಬ ವಾದವನ್ನು ತಾನು ಮಾಡದೆ, ಅದು ಕುಡಿಯುವವನ ಬಾಯಿಂದಲೇ ಬರುವ ಹಾಗೆ ಕೇಳುವುದು. 1983ರಲ್ಲಿ ಅದನ್ನು ಬರೆದರು. 1991ರಲ್ಲಿ ಸ್ಟೀಫನ್ ರಾಲ್ನಿಕ್ ಜೊತೆ ಪುಸ್ತಕವಾಯಿತು. ಸೊನ್ನೆಯಿಂದ ಹತ್ತರವರೆಗಿನ ಆ ಅಳತೆಗೋಲೂ ಅದೇ ದಾರಿಯದು. ಸಿಸ್ಟರು ಆ ಪುಸ್ತಕ ಓದಿದವರಲ್ಲ. ಡಾಕ್ಟರ ಜೊತೆ ವರ್ಷಗಟ್ಟಲೆ ಕೂತು ಕಲಿತದ್ದು, ಕಾಗದದ ಗೆರೆಯ ಬದಲು ಕೈಗೆ ಸಿಕ್ಕಿದ್ದನ್ನು ಇಡುವುದು ಅವರದೇ ರೂಢಿ. ಒಮ್ಮೆ ಹುಣಸೆ ಬೀಜ, ಒಮ್ಮೆ ಮಾತ್ರೆಯ ಖಾಲಿ ಡಬ್ಬಿ.

ಅದೇ ಕೋಣೆಯಲ್ಲಿ ಒಬ್ಬ ಟೆಂಪೋ ಡ್ರೈವರ್ ಇದ್ದ. ನಗುಮುಖ, ಯಾರನ್ನು ಕಂಡರೂ ‘ಏನಣ್ಣಾ’ ಎನ್ನುವವನು. ಹಿಂದಿನ ದಿನ ಲಾಂಚಿನಲ್ಲಿ ಹೊಳೆ ದಾಟಿ ಸಿಗಂದೂರಿಗೆ ಹೋಗಿ, ಅಮ್ಮನವರ ಮುಂದೆ ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿ ನೇರ ಶಿಬಿರಕ್ಕೆ ಬಂದಿದ್ದ. ಅವನ ಮುಂದೆ ಅಡಿಕೆ ಇಟ್ಟರೆ ಹತ್ತನ್ನೂ ಒಂದೇ ಸಲ ಬಾಚಿ ತಳ್ಳಿದ. ಧೈರ್ಯಕ್ಕೂ ಹತ್ತು. ಹೊರಗಿದ್ದವರೆಲ್ಲ ಅವನನ್ನು ಹೊಗಳಿದರು. ಡಾಕ್ಟರು ಮಾತ್ರ ಸಿಸ್ಟರನ್ನು ಕರೆದು ರಾತ್ರಿ ಅವನ ಮಂಚದ ಹತ್ತಿರವೇ ಇರಲು ಹೇಳಿದರು. ದಿನವೂ ಬೆಳಗಿನಿಂದ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದ್ದಾನೆ. ಮನಸ್ಸು ಹತ್ತಕ್ಕೆ ಹತ್ತು ತಯಾರಿದ್ದರೂ ಮಿದುಳಿಗೆ ಅದು ಗೊತ್ತಾಗಬೇಡವೇ? ಮೊದಲ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನದೊಳಗೆ ಸನ್ನಿ ಹಿಡಿಯಬಹುದು, ಜೀವಕ್ಕೂ ಅಪಾಯವಾಗಬಹುದು. ಮಾತ್ರೆ ಶುರುಮಾಡಿದ್ದರೂ ಎರಡನೆಯ ರಾತ್ರಿ ಅವನು ಹೊದಿಕೆಯ ಮೇಲಿಂದ ಇಲ್ಲದ ಹುಳ ಹೆಕ್ಕತೊಡಗಿದ. ಬೆವರು, ನಡುಕ. ‘ಲಾಂಚಿಗೆ ನೀರು ಬರ್ತಿದೆ, ಗಾಡಿ ಇಳಿಸಿ’ ಎಂದು ಕೂಗಿದ. ಡಾಕ್ಟರು ಲೊರಾಜೆಪಾಮ್ ಇಂಜೆಕ್ಷನ್ ಕೊಟ್ಟು, ಗ್ಲೂಕೋಸ್ ಹಾಕುವ ಮೊದಲು ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟು, ಆ ಮಳೆಯಲ್ಲೇ ಹೆಗಡೆಯವರ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಕೊನೆಗಾರ ಜೀಪಿನ ಹಿಂದೆ ಅವನ ತಲೆ ಹಿಡಿದುಕೊಂಡು ಕೂತ. ಯಾರು ಹೇಳಿದರೋ, ತಾನೇ ಹತ್ತಿದನೋ ನೆನಪಿಲ್ಲ.

ದೇವರ ಮುಂದೆ ಮಾಡಿದ ಆಣೆಯನ್ನು ಡಾಕ್ಟರು ಎಂದೂ ಹಗುರ ಮಾಡಿದವರಲ್ಲ. ಆಣೆ ಮಾಡಿದ ದಿನವೇ ವೈದ್ಯರ ಹತ್ತಿರವೂ ಬನ್ನಿ, ನಿನ್ನೆಯವರೆಗೆ ಎಷ್ಟು ಕುಡಿದಿರಿ, ಕೊನೆಯ ಗುಟುಕು ಯಾವಾಗ ಎಂದು ಮುಚ್ಚಿಡದೆ ಹೇಳಿ ಎನ್ನುತ್ತಿದ್ದರು. ಡ್ರೈವರ್ ಉಳಿದುಕೊಂಡ. ವಾರದ ಮೇಲೆ ಮನೆಗೆ ಹೋದ. ಆಮೇಲಿನ ಅವನ ಕಥೆ ನನಗೆ ಪೂರ್ತಿ ಸಿಗಲಿಲ್ಲ. ಆಗ ಲಾಂಚು ಹೊರಡುತ್ತಿದ್ದ ಹೊಳೆಬಾಗಿಲಿನಲ್ಲಿ ಒಮ್ಮೆ ಟೆಂಪೋ ನಿಲ್ಲಿಸಿಕೊಂಡು ಕೈ ಬೀಸಿದ್ದು ಕಂಡಿದ್ದೇನೆ.

ನಾಲ್ಕನೆಯ ದಿನ ಕರಕಲಿ ಆಯಿತು. ಕೊನೆಗಾರ ಎರಡು ಸಲ ಹಾಕಿಸಿಕೊಂಡ. ಭಟ್ಟರ ಮುಖ ನೋಡಬೇಕಿತ್ತು. ಊಟವಾದ ಮೇಲೆ ನಾನು ಜಗಲಿಯಲ್ಲಿ ಫಾರಂ ಬರೆಯುತ್ತಾ ಕೂತಿದ್ದೆ. ಅವನು ಬಂದು ಪಕ್ಕದಲ್ಲಿ ಕೂತು, ‘ಈ ಅಡಿಕೆ ಇಟ್ಟು ಕೇಳೋದು, ನಾವು ಔಷಧಿಗೆ ಕತ್ತಿ ಅದ್ದಿ ನೋಡೋ ಹಾಗೇ ಅಲ್ವಾ ಸಾರ್?’ ಎಂದ. ಅಡಿಕೆಯ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಕಲಸಿದ ಮೇಲೆ ಚೆನ್ನಾಗಿ ತಿಕ್ಕಿದ ಕಬ್ಬಿಣದ ಕತ್ತಿಯನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದ್ದರೆ ದ್ರಾವಣ ಇನ್ನೂ ಹದಕ್ಕೆ ಬಂದಿಲ್ಲ, ಹೊಡೆದರೆ ಕಾಯಿ ಸುಡುತ್ತದೆ. ‘ಕೆಂಪು ಹತ್ತಿತು ಅಂತ ಯಾರೂ ಬ್ಯಾರೆಲ್ ಚೆಲ್ಲಲ್ಲ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡೋದು’ ಎಂದ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ಕೊಳೆರೋಗವನ್ನು ಅಭ್ಯಾಸ ಮಾಡಿ, ಮಲೆನಾಡಿನ ತೋಟಗಳಿಗೆ ಆ ದ್ರಾವಣ ಹೊಡೆಯುವುದನ್ನು ಕಲಿಸಿದರು. ಅವರ ಪಾಠ ಕೊನೆಗಾರನ ಬಾಯಲ್ಲಿ ಹೀಗೆ ತಿರುಗಿ ನನಗೆ ಪಾಠವಾಯಿತು. ಡಾಕ್ಟರಿಗೆ ಹೇಳಿದೆ. ಅವರು ಜೇಬಿನ ಪುಸ್ತಕ ತೆಗೆದು ಬರೆದುಕೊಂಡರು.

ಅವನ ಹೆಂಡತಿ ದಿನಾ ಮಧ್ಯಾಹ್ನ ಬರುತ್ತಿದ್ದಳು. ಒಂದು ದಿನ ಡಾಕ್ಟರ ಹತ್ತಿರ ಮೆಲ್ಲಗೆ, ಕುಡಿದರೆ ವಾಂತಿಯಾಗುವ ಮಾತ್ರೆ ಇದೆಯಂತಲ್ಲ, ಸಾರಿನಲ್ಲಿ ಅರೆದು ಹಾಕಲೇ ಎಂದು ಕೇಳಿದಳು. ಡೈಸಲ್ಫಿರಾಮ್ ಮಾತ್ರೆಯ ವಿಷಯ. ಅದನ್ನು ತಿಂದು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿ.ಪಿ. ಇಳಿದು ಪ್ರಾಣಕ್ಕೂ ಬರಬಹುದು; ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ‘ಅವನಿಗೆ ಗೊತ್ತಿಲ್ಲದೆ ಬೇಡ ಕಣಮ್ಮಾ. ಅವನೇ ಕೇಳಿ, ತಿಳಿದು, ತಾನಾಗಿ ನುಂಗಿದರೆ ಮಾತ್ರ ಅದು ಔಷಧಿ’ ಎಂದರು ಡಾಕ್ಟರು. ಅವಳ ಕಣ್ಣಲ್ಲಿ ನೀರು ಬಂತು. ಸಿಸ್ಟರು ಅವಳನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಕಷಾಯ ಕೊಡಿಸಿ, ಅವಳ ಕಷ್ಟ ಕೇಳಿದರು. ಯಾರೂ ಅದುವರೆಗೆ ಕೇಳಿರಲಿಲ್ಲವಂತೆ.

ಹೆಗಡೆಯವರ ಹತ್ತಿರ ಮಾತಾಡುವುದೂ ಇತ್ತು. ಮಳೆಯಲ್ಲಿ ನೆನೆದು ಔಷಧಿ ಹೊಡೆದು ಇಳಿದವರಿಗೆ ಚಳಿ ಬಿಡಲಿ ಎಂದು ಸಂಜೆ ಬಾಟಲಿ ಕೊಡುವುದು ಅವರ ತೋಟದ ರೂಢಿ. ಪ್ರೀತಿಯಿಂದಲೇ ಕೊಡುತ್ತಿದ್ದರು. ಡಾಕ್ಟರು ಒಂದು ತಾಸು ಅವರ ಜೊತೆ ಕೂತರು. ಆ ವರ್ಷದಿಂದ ಅಲ್ಲಿ ಬಾಟಲಿಯ ಬದಲು ಬಿಸಿ ನೀರಿನ ಹಂಡೆ, ಮೆಣಸಿನ ಕಷಾಯ, ಮತ್ತು ಅಷ್ಟೇ ದುಡ್ಡು ಹೆಂಡತಿಯ ಕೈಗೆ. ಕೊನೆಗಾರನ ಧೈರ್ಯ ಒಂದರಿಂದ ನಾಲ್ಕಕ್ಕೆ ಏರಿದ್ದಕ್ಕೆ ನಮ್ಮ ಮಾತಿಗಿಂತ ಆ ಹಂಡೆಯೇ ದೊಡ್ಡ ಕಾರಣ ಎಂದು ನಾನು ಈಗಲೂ ನಂಬುತ್ತೇನೆ. ಶಿಬಿರ ಮುಗಿಯುವ ದಿನ ಮುಖ್ಯ ಎನ್ನುವುದಕ್ಕೆ ಆರು ಇಟ್ಟ, ಧೈರ್ಯಕ್ಕೆ ನಾಲ್ಕು. ಮಾತ್ರೆ ಕಟ್ಟಿಕೊಂಡು ಹೋದ.

ಗಣಪತಿ ಹಬ್ಬದಲ್ಲಿ ಕುಡಿದನಂತೆ. ತಾನೇ ಬಂದು ಹೇಳಿದ. ಸಿಸ್ಟರು ‘ಅದಕ್ಕೂ ಮೊದಲು ಎಷ್ಟು ದಿನ ಬಿಟ್ಟಿದ್ದೆ?’ ಎಂದು ಮೊದಲು ಕೇಳಿದರು, ಯಾಕೆ ಕುಡಿದೆ ಎಂಬುದನ್ನು ಆಮೇಲೆ. ಅಷ್ಟು ದಿನ ಬಿಟ್ಟಿದ್ದೆ ಎಂಬುದು ಅವನಿಗೇ ಹೊಸ ಸುದ್ದಿಯಾಗಿತ್ತು. ಬೆರಳು ಮಡಚಿ ಎಣಿಸಿ, ಮತ್ತೆ ಎಣಿಸಿದ.

ಕೊಯ್ಲು ಮುಗಿಯುವ ಹೊತ್ತಿಗೆ ಮತ್ತೆ ಬಂದ. ಮಳೆ ಹೋಗಿ ಮಂಜು ಬೀಳುತ್ತಿತ್ತು, ಅಂಗಳಗಳಲ್ಲೆಲ್ಲ ಅಡಿಕೆ ಒಣಗುವ ವಾಸನೆ. ಮಗನೂ ಜೊತೆಗಿದ್ದ. ಸಿಸ್ಟರು ಇಡುವ ಮೊದಲೇ ಅವನೇ ಚೀಲದಿಂದ ಹಣ್ಣಡಿಕೆ ತೆಗೆದು ಮೇಜಿನ ಮೇಲೆ ಇಟ್ಟ. ಮುಖ್ಯ ಎನ್ನುವುದಕ್ಕೆ ಒಂಬತ್ತು. ಧೈರ್ಯಕ್ಕೆ ಏಳು. ಸಿಸ್ಟರು ಎಂದಿನ ಪ್ರಶ್ನೆ ಕೇಳಲು ಬಾಯಿ ತೆರೆದರು.

‘ತಡೀರಿ ಅಮ್ಮಾ. ಏಳು ಯಾಕೆ ಅಂತ ನಿಮಗೆ ಗೊತ್ತಿದೆ. ಎಂಟು ಯಾಕಲ್ಲ ಅಂತ ಇವತ್ತು ನಾನು ಹೇಳ್ತೀನಿ’ ಎಂದ. ‘ಹೆಗಡೇರ ಮನೇಲಿ ಸರಿ ಆಯ್ತು. ಹೊಳೆ ಆಚೆಯ ಇನ್ನೊಂದು ತೋಟಕ್ಕೂ ನಾನು ಕೊನೆ ತೆಗೀಲಿಕ್ಕೆ ಹೋಗ್ತೀನಲ್ಲ, ಅಲ್ಲಿ ಇನ್ನೂ ಬಾಟಲಿ ಕೊಡ್ತಾರೆ. ಬೇಡ ಅಂದ್ರೆ ಮುಂದಿನ ಸಲ ಕರೆಯಲ್ಲ ಅನ್ನೋ ಹೆದರಿಕೆ. ಡಾಕ್ಟ್ರು ಒಂದು ಮಾತು ಹೇಳಿದ್ರೆ ಆಗ್ತದೆ.’

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಮುಚ್ಚಿಟ್ಟು, ‘ಯಾರ ತೋಟ ಮಾರಾಯ, ಫೋನ್ ನಂಬರ್ ಇದೆಯಾ?’ ಎಂದು ಕೇಳಿದರು.